ಕಾಡುದಾರಿಯ ಹಳೆಯ ಕಲ್ಲುಗಳನ್ನು ನೋಡಲು ಹೊರಡುವವರಿಗೆ

ಹಂಪಿ, ಬಾದಾಮಿ, ಬೇಲೂರುಗಳನ್ನು ನೋಡಲು ಯಾರ ಸಲಹೆಯೂ ಬೇಕಿಲ್ಲ. ಬಸ್ ಇಳಿದರೆ ಫಲಕವಿದೆ, ಟಿಕೆಟ್ ಕೊಡುವವರಿದ್ದಾರೆ, ಕಥೆ ಹೇಳುವವರಿಗಂತೂ ಬರವಿಲ್ಲ. ಈ ಬರಹ ಫಲಕವಿಲ್ಲದ ಜಾಗಗಳನ್ನು ಕುರಿತದ್ದು: ಕೆರೆ ಏರಿಯ ಮೇಲೆ ಅರ್ಧ ಹೂತ ವೀರಗಲ್ಲು, ಗುಡ್ಡದ ನೆತ್ತಿಯಲ್ಲಿ ಬಾಗಿಲು ಮಾತ್ರ ಉಳಿದ ಕೋಟೆ, ಮರದ ಬೇರು ಹೊಕ್ಕ ಬಸದಿ, ಬಂಡೆಗಳ ನಡುವಿನ ಶಿಲಾಸಮಾಧಿ. ಕರ್ನಾಟಕದ ಯಾವ ಮೂಲೆಗೆ ಹೋದರೂ ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಸಿಗುವುದು ಕಷ್ಟವಲ್ಲ, ಸಿಕ್ಕಿದ್ದನ್ನು ನೋಡಲು ಬರುವುದು ಕಷ್ಟ. ಹಳ್ಳಿಗಾಡಿನ ಕಲ್ಲಿಗೆ ಅರ್ಥ ಬರುವುದು ಬಹುಮಟ್ಟಿಗೆ ಅದು ನಿಂತ ಜಾಗದಿಂದ. ಅದರ ಪಕ್ಕದ ಕೆರೆ, ಎದುರಿನ ಹಳೆಯ ದಾರಿ, ಹಿಂದೆ ಇದ್ದು ಈಗ ಇಲ್ಲದ ಊರು, ಇವನ್ನು ಬಿಟ್ಟು ಕಲ್ಲನ್ನೊಂದೇ ನೋಡಿ ಬಂದರೆ ಫೋಟೊ ಉಳಿಯುತ್ತದೆ, ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಕಲ್ಲಿನ ಸುತ್ತಮುತ್ತಲಿಗೇ ಸಂಬಂಧಿಸಿದವು.

ಮೊದಲ ಹಂತ: ಒಂದು ಹೋಬಳಿಯನ್ನು ಹಿಡಿಯಿರಿ

ಎರಡು ದಿನದಲ್ಲಿ ಐದು ಕೋಟೆ ಮುಗಿಸುವ ಯೋಜನೆ ನನಗೆ ಅರ್ಥವಾಗುವುದಿಲ್ಲ. ಜಿಲ್ಲೆ ದೊಡ್ಡದಾಯಿತು, ತಾಲ್ಲೂಕೂ ದೊಡ್ಡದೇ. ಒಂದು ಹೋಬಳಿ ಸಾಕು. ಉದಾಹರಣೆಗೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಅಲ್ಲಿ ಬೆಟ್ಟದ ಮೇಲೆ ಕೋಟೆಯಿದೆ, ಕೆಳಗೆ ರೇಣುಕಾಂಬೆಯ ಗುಡಿಯಿದೆ, ಸುತ್ತ ಕಾಡಿದೆ, ಕದಂಬರ ಬನವಾಸಿ ದೂರವಿಲ್ಲ. ಬಯಲುಸೀಮೆಯ ಕಡೆ ಒಲವಿದ್ದರೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಅಕ್ಕಪಕ್ಕದ ಈ ಮೂರೂ ಕಡೆ ಅಶೋಕನ ಕಿರು ಬಂಡೆ ಶಾಸನಗಳಿವೆ, ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದ್ದು 1892ರಲ್ಲಿ. ಕರಾವಳಿ ಕಾಡಾದರೆ ಶರಾವತಿಯ ದಂಡೆಯ ಗೇರುಸೊಪ್ಪೆ: ಚತುರ್ಮುಖ ಬಸದಿ, ಅದರ ಸುತ್ತ ಕಾಡು ನುಂಗಿದ ಪಟ್ಟಣ. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅದು.

ಎರಡನೆಯ ಹಂತ: ಕಾಗದದ ಮೇಲೆ ಹುಡುಕಾಟ

ಹೊರಡುವ ಮುನ್ನ ಒಂದು ವಾರ ಸಂಜೆಗಳನ್ನು ಇದಕ್ಕೆ ಕೊಡಿ. ಮೊದಲಿಗೆ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ. ಹಳೆಯ ಮೈಸೂರು ಸೀಮೆಯ ಶಾಸನಗಳು ಇದರಲ್ಲಿ ತಾಲ್ಲೂಕುವಾರು ಸೇರಿವೆ. ರೈಸ್ ಸಂಪಾದಿಸಿದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಇವೆ. ಉತ್ತರ ಕರ್ನಾಟಕದವರು ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳನ್ನು ನೋಡಬಹುದು. ಈ ಸಂಪುಟಗಳಲ್ಲಿ ನಮಗೆ ಮೊದಲು ಬೇಕಾದದ್ದು ಶಾಸನದ ಪಾಠವಲ್ಲ, ಆ ಪಾಠದ ಮೇಲಿನ ಒಂದು ಸಾಲು. ‘ಅದೇ ಗ್ರಾಮದ ಕೆರೆ ಏರಿಯ ಮೇಲೆ ನೆಟ್ಟ ಕಲ್ಲು’ ಎಂಬಂಥ ವಿಳಾಸ ಅಲ್ಲಿರುತ್ತದೆ, ಕೆಲವೆಡೆ ಕಲ್ಲಿನ ಅಳತೆಯೂ ಇರುತ್ತದೆ. ನೂರು ವರ್ಷ ಹಿಂದಿನ ಆ ವಿಳಾಸ ಹಿಡಿದು ಹೋಗಿ, ಕಲ್ಲು ಈಗಲೂ ಅಲ್ಲಿದೆಯೇ ಎಂದು ನೋಡುವುದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ.

ಎರಡನೆಯದು ನಕ್ಷೆ. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕೋಟೆ, ಗುಡಿ, ಕಾಲುದಾರಿ, ಹಳ್ಳ ಎಲ್ಲವೂ ಗುರುತಾಗಿರುತ್ತವೆ. ಇದರ ಜೊತೆಗೆ ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆ, ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇಟ್ಟುಕೊಳ್ಳಿ. ನಿಂತ ಜಾಗದ ಸರ್ವೆ ನಂಬರು ದಿಶಾಂಕ್‌ನಲ್ಲಿ ಗೊತ್ತಾಗುತ್ತದೆ. ಯಾರ ಹೊಲಕ್ಕೆ ಕಾಲಿಡುತ್ತಿದ್ದೇವೆ, ಎಲ್ಲಿಂದ ಅರಣ್ಯ ಶುರುವಾಗುತ್ತದೆ ಎಂಬ ಅಂದಾಜು ಸಿಗುತ್ತದೆ.

ಗ್ರಾಮಗಳ ಪಟ್ಟಿಯಲ್ಲಿ ‘ಬೇಚರಾಕ್’ ಎಂದು ಬರೆದ ಹೆಸರುಗಳನ್ನು ಬೇರೆ ಗುರುತು ಹಾಕಿಕೊಳ್ಳಿ. ದಾಖಲೆಯಲ್ಲಿದ್ದು ಜನವಸತಿ ಇಲ್ಲದ ಗ್ರಾಮಗಳು ಇವು. ಪ್ಲೇಗಿಗೋ ಬರಕ್ಕೋ ದಂಡಿನ ಹಾವಳಿಗೋ ಬರಿದಾದ ಊರುಗಳಲ್ಲಿ ಮನೆ ಉಳಿಯುವುದಿಲ್ಲ, ಆದರೆ ಬಾವಿ, ಬಸವಣ್ಣ, ವೀರಗಲ್ಲು ಉಳಿದಿರುತ್ತವೆ. ಕೋಟೆಗುಡ್ಡ, ಹಾಳೂರು, ಬಸ್ತಿಹಳ್ಳಿ, ದಂಡಿನದಾರಿ ಎಂಬಂಥ ಹೆಸರುಗಳನ್ನೂ ಬಿಡಬೇಡಿ.

ಮೂರನೆಯ ಹಂತ: ಕಾಲ ಮತ್ತು ಅನುಮತಿ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಟೆಯ ಕಲ್ಲು ಜಾರುತ್ತದೆ, ಪೊದೆ ಎದೆಯೆತ್ತರ ಬೆಳೆದಿರುತ್ತದೆ, ಏನೂ ಕಾಣುವುದಿಲ್ಲ. ಕಣ್ಣಿಗೆ ಹಸಿರು ಬೇಕಾದವರು ಅಕ್ಟೋಬರ್‌ನಲ್ಲಿ ಹೋಗಲಿ. ಅವಶೇಷ ಬೇಕಾದವರಿಗೆ ಗಿಡಗಂಟಿ ಒಣಗಿದ ಜನವರಿ, ಫೆಬ್ರುವರಿ ಮೇಲು. ಬಯಲುಸೀಮೆಗೆ ನವೆಂಬರ್‌ನಿಂದ ಫೆಬ್ರುವರಿ. ಕೊಪ್ಪಳ, ಬಳ್ಳಾರಿಯ ಬಂಡೆಗುಡ್ಡಗಳಿಗೆ ಏಪ್ರಿಲ್‌ನಲ್ಲಿ ಹೋಗುವುದು ಸಾಹಸವಲ್ಲ, ದಡ್ಡತನ.

ಅರಣ್ಯದೊಳಗಿನ ಚಾರಣ ದಾರಿಗಳಲ್ಲಿ ಹಲವಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು. ಪಟ್ಟಿಯಲ್ಲಿಲ್ಲದ ದಾರಿಯೆಂದರೆ ಮುಕ್ತ ದಾರಿ ಎಂದರ್ಥವಲ್ಲ. ಅದು ಮೀಸಲು ಅರಣ್ಯವಾಗಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಎಲ್ಲಿಗೆ, ಎಷ್ಟು ಜನ, ಯಾಕೆ ಎಂದು ಬರೆದುಕೊಟ್ಟು ಕೇಳಿ. ‘ಆಗುವುದಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕದ್ದು ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಕೇಳಲು ಹೋದಾಗ ಇನ್ನೊಂದು ಲಾಭವಿದೆ. ದಿನವೂ ಕಾಡು ತಿರುಗುವ ಅರಣ್ಯ ವೀಕ್ಷಕರಿಗೆ ಎಲ್ಲಿ ಯಾವ ಕಲ್ಲಿದೆ ಎಂಬುದು ಎಷ್ಟೋ ಸಲ ಸಂಪುಟಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಾಲ್ಕನೆಯ ಹಂತ: ಚೀಲ

ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಕಣಕಾಲು ಮುಚ್ಚುವ ಬೂಟು. ತಲೆಗೊಂದಕ್ಕೆ ಕನಿಷ್ಠ ಮೂರು ಲೀಟರ್ ನೀರು. ಟಾರ್ಚ್ ಎರಡು, ಒಂದು ದಾರಿಗೆ, ಇನ್ನೊಂದು ಶಾಸನ ಓದಲು, ಅದನ್ನು ಮುಂದೆ ಹೇಳುತ್ತೇನೆ. ಅಳತೆ ಪಟ್ಟಿ, ಪುಸ್ತಕ, ಪೆನ್ಸಿಲ್ (ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ), ಶಿಳ್ಳೆ, ಪವರ್ ಬ್ಯಾಂಕ್. ಮೊಬೈಲಿಗೆ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಗುಡ್ಡದ ಬುಡದಲ್ಲಿ ಸಿಗ್ನಲ್ ಹುಡುಕುತ್ತ ನಿಲ್ಲಬೇಡಿ. ಕತ್ತಿ, ಗುದ್ದಲಿ, ಲೋಹಶೋಧಕ ಬೇಡವೇ ಬೇಡ. ಅವು ಕೈಯಲ್ಲಿದ್ದರೆ ಊರಿನವರು ನಿಮ್ಮನ್ನು ನಿಧಿಗಳ್ಳರೆಂದು ತಿಳಿಯುತ್ತಾರೆ, ಹಾಗೆ ತಿಳಿಯಲು ಅವರಿಗೆ ಕಾರಣವೂ ಇದೆ.

ಐದನೆಯ ಹಂತ: ಊರಿನಲ್ಲಿ ಕೇಳುವ ರೀತಿ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ಆದರೆ ಇಲ್ಲಿ ಬಾಯಿಯ ಜೊತೆ ತಾಳ್ಮೆಯೂ ಬೇಕು. ‘ಇಲ್ಲಿ ಐತಿಹಾಸಿಕ ಸ್ಮಾರಕ ಎಲ್ಲಿದೆ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಕುದುರೆ ಮೇಲೆ ಕುಳಿತವನ ಚಿತ್ರ ಇರುವ ಕಲ್ಲು’, ‘ಅಕ್ಷರದ ಕಲ್ಲು’, ‘ಕೈ ಇರುವ ಕಲ್ಲು’, ‘ಪೂಜೆ ನಿಂತುಹೋದ ಗುಡಿ’, ‘ಹಾಳುಬಾವಿ’ ಎಂದು ಕೇಳಿ. ದನ ಕಾಯುವವರು, ಜೇನು ಕೀಳುವವರು, ಸೊಪ್ಪು ತರಲು ಹೋಗುವ ಹೆಂಗಸರು, ಇವರಿಗೆ ಕಾಡಿನ ಮೂಲೆ ಮೂಲೆ ಗೊತ್ತು. ಕಲ್ಲಿಗೆ ಊರಿನವರು ಹೇಳುವ ಕಥೆಯನ್ನು ನಗದೆ ಬರೆದುಕೊಳ್ಳಿ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಜನ ಭೀಮ ಕೊಂದ ಹಿಡಿಂಬನ ಬೂದಿ ಎನ್ನುತ್ತಾರೆ. ಅಗೆದು ನೋಡಿದವರು ಹೇಳುವುದು, ಅವು ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿಗಳು ಎಂದು. ಕಥೆ ಬೇರೆಯಾದರೂ ಅದು ಸಾಮಾನ್ಯ ಮಣ್ಣಿನ ದಿಬ್ಬವಲ್ಲ, ಸುಟ್ಟ ಬೂದಿ ಎಂಬುದನ್ನು ಊರು ಮರೆತಿಲ್ಲ.

ಪೂಜೆ ನಡೆಯುವ ಕಲ್ಲಾದರೆ ಮುಟ್ಟುವ ಮೊದಲು, ಫೋಟೊ ತೆಗೆಯುವ ಮೊದಲು ಕೇಳಬೇಕು. ದೇವರಕಾಡಿನಲ್ಲಿ ಚಪ್ಪಲಿ ಬಿಡುವ ಪದ್ಧತಿಯಿದ್ದರೆ ಬಿಡಿ, ಒಂದು ಎಲೆಯನ್ನೂ ಕೀಳಬೇಡಿ. ಊರಿನ ಒಬ್ಬರನ್ನು ದಾರಿ ತೋರಿಸಲು ಕರೆದುಕೊಂಡು ಹೋದರೆ ಅವರ ಆ ದಿನದ ಕೂಲಿಯನ್ನು ಅವರು ಕೇಳುವ ಮೊದಲೇ ಕೊಡಿ.

ಆರನೆಯ ಹಂತ: ಕಾಡಿನ ದಾರಿ

ದನದ ಜಾಡು ಕವಲೊಡೆಯುತ್ತ ಹೋಗಿ ಪೊದೆಯಲ್ಲಿ ಮುಗಿಯುತ್ತದೆ. ಮನುಷ್ಯರು ಕಟ್ಟಿದ ದಾರಿ ಏರನ್ನು ನೇರವಾಗಿ ಹತ್ತದೆ ಓರೆಯಾಗಿ ಬಳಸಿಕೊಂಡು ಹೋಗುತ್ತದೆ; ಅಲ್ಲಲ್ಲಿ ಹಾಸಿದ ಕಲ್ಲು, ಅಂಚಿಗೆ ಕಟ್ಟಿದ ಕಲ್ಲಿನ ಸಾಲು, ಬಂಡೆಯಲ್ಲಿ ಕಡಿದ ಮೆಟ್ಟಿಲು ಕಾಣಿಸುತ್ತವೆ. ಕಾಡಿನ ನಡುವೆ ದೊಡ್ಡ ಹುಣಸೆ, ಮಾವು, ಸಂಪಿಗೆ ಮರಗಳು ಗುಂಪಾಗಿ ನಿಂತಿದ್ದರೆ ಅಲ್ಲಿ ನಿಲ್ಲಿ. ಯಾರೋ ನೆಟ್ಟ ಮರಗಳಾಗಿರಬಹುದು. ಹತ್ತಿರದಲ್ಲಿ ಪಾಯದ ಕಲ್ಲು, ಮಡಕೆ ಚೂರು, ಒರಳು ಸಿಕ್ಕರೆ ಊರಿದ್ದ ಜಾಗವೆಂಬುದು ಖಚಿತವಾದಂತೆ. ಸಾಲಾಗಿ ಚೌಕ ಕುಳಿಗಳನ್ನು ಹೊಡೆದ ಬಂಡೆ ಕಂಡರೆ ಅದು ಕಲ್ಲು ಸೀಳಿದ ಗಣಿ. ಕೋಟೆಯ ಗೋಡೆಗೆ ಕಲ್ಲು ಬಂದದ್ದು ಅಲ್ಲಿಂದ ಇರಬಹುದು.

ಪ್ರತಿ ಕವಲಿನಲ್ಲಿ ಹಿಂತಿರುಗಿ ನೋಡಿ ಒಂದು ಫೋಟೊ ತೆಗೆದುಕೊಳ್ಳಿ. ವಾಪಸು ಬರುವಾಗ ದಾರಿ ಕಾಣಿಸುವುದು ಆ ಕಡೆಯಿಂದ ತಾನೆ. ತಲುಪಿದ್ದೀರೋ ಇಲ್ಲವೋ, ಮಧ್ಯಾಹ್ನ ಎರಡಕ್ಕೆ ಹಿಂದಿರುಗಿ. ಕಣಿವೆಯಲ್ಲಿ ಕತ್ತಲು ಬೇಗ ಇಳಿಯುತ್ತದೆ. ಒಬ್ಬರೇ ಹೋಗಬೇಡಿ.

ಪ್ರಾಣಿಗಳ ವಿಷಯದಲ್ಲಿ ಸೀಮೆಗೊಂದು ಎಚ್ಚರ. ಸಕಲೇಶಪುರ, ಕೊಡಗಿನಲ್ಲಿ ಆನೆ. ಹೊಸ ಲದ್ದಿ, ಮುರಿದ ಹಸಿ ಬಿದಿರು ಕಂಡರೆ ಅಂದಿನ ನಡಿಗೆ ರದ್ದು. ಕೊಪ್ಪಳ, ವಿಜಯನಗರ, ಚಿತ್ರದುರ್ಗದ ಬಂಡೆಗಳಲ್ಲಿ ಕರಡಿ, ಚಿರತೆ. ಮಾತನಾಡುತ್ತ ನಡೆಯಿರಿ, ಗುಹೆ ಕಂಡಿತೆಂದು ಬಗ್ಗಿ ಒಳಗೆ ನುಗ್ಗಬೇಡಿ. ಕೋಟೆ ಬಾಗಿಲಿನ ತೊಲೆಯಡಿ, ಬಂಡೆಯ ಚಾಚಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಸೆಂಟು, ಗದ್ದಲ ಮೂರೂ ಅಪಾಯ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡ ಕಾಲನ್ನು ಅಲುಗಾಡಿಸದೆ, ನಡೆಸದೆ, ಹೊತ್ತುಕೊಂಡು ರಸ್ತೆಗೆ ತಂದು 108ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾದ ಅಪಾಯ ಉಣ್ಣೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಇದರ ಕಡಿತದಿಂದ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅಂದರೆ ಶಾಸನಗಳು ದಟ್ಟವಾಗಿರುವ ಸೀಮೆಯಲ್ಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅವಶೇಷ ನೋಡಲು ಒಳ್ಳೆಯದೆಂದು ನಾನು ಮೇಲೆ ಹೇಳಿದ ತಿಂಗಳುಗಳೂ ಅವೇ. ಹೋಗುವ ಮುನ್ನ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ವರ್ಷ ಪ್ರಕರಣಗಳಿವೆಯೇ ಎಂದು ವಿಚಾರಿಸಿ. ಇದ್ದರೆ ಬೇರೆ ಹೋಬಳಿ ನೋಡಿಕೊಳ್ಳಿ. ಹೋದರೆ ಉಣ್ಣೆ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ.

ಏಳನೆಯ ಹಂತ: ಕಲ್ಲಿನ ಮುಂದೆ

ಇಲ್ಲಿ ಅವಸರ ಬೇಡ. ಮೊದಲು ದೂರದಿಂದ ನೋಡಿ: ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಹತ್ತಿರದ ನೀರು ಎಲ್ಲಿ, ಊರಿನ ಹೆಬ್ಬಾಗಿಲು ಯಾವ ಕಡೆ ಇದ್ದಿರಬಹುದು. ಆಮೇಲೆ ಹತ್ತಿರ ಬನ್ನಿ.

ವೀರಗಲ್ಲಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ: ವೀರ ಇತರರಿಗಿಂತ ದೊಡ್ಡವನಾಗಿ ನಿಂತಿರುತ್ತಾನೆ, ಬಿಲ್ಲು ಎಳೆದಿರುತ್ತಾನೆ ಅಥವಾ ಕತ್ತಿ ಎತ್ತಿರುತ್ತಾನೆ, ಮೈಗೆ ಬಾಣ ನಾಟಿದ್ದೂ ಉಂಟು. ಅವನ ಬೆನ್ನ ಹಿಂದೆ ಒಂದರ ಮೇಲೊಂದು ಬಿಡಿಸಿದ ದನಗಳ ತಲೆ ಕಂಡರೆ ಅದು ತುರುಗೊಳ್, ಊರಿನ ಹಸುಗಳನ್ನು ಹೊಡೆದುಕೊಂಡು ಹೋದವರ ಮೇಲಿನ ಹೋರಾಟ. ಹಂದಿ ಇದ್ದರೆ ಬೇಟೆಯಲ್ಲಿ ಸತ್ತವನು. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗ, ಪೂಜಿಸುವವನು, ಸೂರ್ಯ ಚಂದ್ರರು. ಜೈನ ವೀರನಾದರೆ ಜಿನ. ಪಟ್ಟಿಕೆಗಳ ನಡುವಿನ ಕಿರಿದಾದ ಅಂಚಿನಲ್ಲಿ ಅಕ್ಷರಗಳಿರುತ್ತವೆ. ಕೆಳಗಿನ ಪಟ್ಟಿಕೆ ಹೆಚ್ಚಾಗಿ ಮಣ್ಣಿನಲ್ಲಿ ಹೂತಿರುತ್ತದೆ. ಅದನ್ನು ಕಾಣಲು ಅಗೆಯಬೇಡಿ, ‘ಕೆಳಭಾಗ ಹೂತಿದೆ’ ಎಂದು ಬರೆದುಕೊಂಡರೆ ಸಾಕು.

ಉಳಿದ ಕಲ್ಲುಗಳ ಗುರುತೂ ಕಲಿಯಲು ಕಷ್ಟವಲ್ಲ. ಕಂಬದಿಂದ ಹೊರಟ, ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಜಿನ ಬಿಂಬದ ಕೆಳಗೆ ಗುರುವಿನ ಎದುರು ಕುಳಿತ ವ್ಯಕ್ತಿ, ನಡುವೆ ವ್ಯಾಸಪೀಠ (ಗ್ರಂಥ ಇಡುವ ಪೀಠ) ಇದ್ದರೆ ಸಲ್ಲೇಖನದ ನಿಷಿಧಿ, ಉಪವಾಸವಿದ್ದು ಪ್ರಾಣ ಬಿಟ್ಟ ಜೈನರ ನೆನಪಿನ ಕಲ್ಲು. ಲಿಂಗಮುದ್ರೆ, ಕೊಡೆ ಕಮಂಡಲ ಹಿಡಿದ ವಾಮನ ಮುದ್ರೆ, ಜೈನರ ಮುಕ್ಕೊಡೆ, ಇವು ದಾನ ಕೊಟ್ಟ ಭೂಮಿಯ ಎಲ್ಲೆಕಲ್ಲುಗಳು. ಕಲ್ಲನ್ನು ಸರಿಸಿದರೆ ಏನು ನಷ್ಟವೆಂದು ಕೇಳುವವರಿಗೆ ಎಲ್ಲೆಕಲ್ಲೇ ಉತ್ತರ. ಗುಡಿಯ ಅಂಗಳಕ್ಕೆ ತಂದು ಸಾಲಾಗಿ ನಿಲ್ಲಿಸಿದ ಮೇಲೆ ಅದು ಯಾವ ಗದ್ದೆಯ, ಯಾವ ಮೂಲೆಯ ಗಡಿ ಎಂಬುದನ್ನು ಇನ್ನಾರೂ ಹೇಳಲಾರರು.

ಅಕ್ಷರ ಓದಲು ನೆತ್ತಿಯ ಬಿಸಿಲು ಪ್ರಯೋಜನವಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಬೇಕು. ಮಧ್ಯಾಹ್ನವಾದರೆ ಕಲ್ಲಿಗೆ ಛತ್ರಿಯ ನೆರಳು ಮಾಡಿ, ಟಾರ್ಚನ್ನು ಕಲ್ಲಿನ ಬದಿಗೆ ಒತ್ತಿ ಹಿಡಿದು ನಿಧಾನವಾಗಿ ಸರಿಸಿ. ಬರಿಯ ಗೀರೆಂದು ಕಂಡದ್ದು ನೆರಳು ತುಂಬಿಕೊಂಡು ಅಕ್ಷರವಾಗಿ ಏಳುತ್ತದೆ. ಬೇಕಾದರೆ ಬರಿ ನೀರು, ಮೆತ್ತನೆಯ ಬಟ್ಟೆ. ತಂತಿ ಬ್ರಷ್, ಸೀಮೆಸುಣ್ಣ, ಹಿಟ್ಟು, ಎಣ್ಣೆ, ಸುಣ್ಣ ಯಾವುದೂ ಸಲ್ಲದು.

ಪೂರ್ತಿ ಓದಲು ಬಾರದಿದ್ದರೂ ಕೆಲವು ಪದಗಳನ್ನು ಗುರುತಿಸಲು ಕಲಿತರೆ ಕಲ್ಲಿನ ಜಾತಕ ಸಿಗುತ್ತದೆ. ‘ನಮಸ್ತುಂಗ ಶಿರಶ್ಚುಂಬಿ’ ಎಂದು ಆರಂಭವಾದರೆ ಶೈವ, ‘ಶ್ರೀಮತ್ಪರಮ ಗಂಭೀರ’ ಎಂದಿದ್ದರೆ ಜೈನ. ‘ಸ್ವದತ್ತಾಂ ಪರದತ್ತಾಂ ವಾ’ ಎಂಬುದು ದಾನ ಕಸಿದವನಿಗೆ ಶಾಪ, ಅಲ್ಲಿಗೆ ಶಾಸನ ಮುಗಿಯುತ್ತ ಬಂತು ಎಂದರ್ಥ. ‘ಶಕವರುಷ’ ಎಂಬುದರ ಮುಂದಿನ ಅಂಕಿಗೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ವಿಜಯನಗರ, ಕೆಳದಿ ಕಾಲದ ಲಿಪಿ ಅಭ್ಯಾಸದಿಂದ ಓದಬಹುದಾದದ್ದು. ಗಂಗರ, ಬಾದಾಮಿ ಚಾಲುಕ್ಯರ ಕಾಲದ್ದನ್ನು ಲಿಪಿಶಾಸ್ತ್ರ ಬಲ್ಲವರಿಗೆ ಬಿಡಿ. ಏನೇ ಆದರೂ ಕೊನೆಯ ಸಾಲಿನವರೆಗೆ ನೋಡಿ: ಬ್ರಹ್ಮಗಿರಿಯ ಅಶೋಕ ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದು, ಬರೆದ ಚಪಡನು ತಾನು ಲಿಪಿಕಾರ ಎಂಬ ಒಂದು ಪದವನ್ನು ಕೊನೆಯಲ್ಲಿ ಖರೋಷ್ಠಿ ಲಿಪಿಯಲ್ಲಿ ಕೆತ್ತಿಸಿದ್ದಾನೆ. ವಾಯವ್ಯ ಭಾರತದ ಲಿಪಿ ಅದು, ಬಲದಿಂದ ಎಡಕ್ಕೆ ಓಡುತ್ತದೆ.

ಕೋಟೆಯನ್ನು ನೋಡುವಾಗ ನೀರನ್ನು ಹಿಂಬಾಲಿಸಿ. ಬಂಡೆಯ ಮೇಲಿನ ದೋಣಿ (ಮಳೆನೀರು ನಿಲ್ಲುವ ತಗ್ಗು), ಅಲ್ಲಿಂದ ಹೊಂಡ, ಹೊಂಡದಿಂದ ಹೊಂಡಕ್ಕೆ ತೂಬು. ಎಷ್ಟು ಜನ ಎಷ್ಟು ದಿನ ಮುತ್ತಿಗೆ ತಾಳಿಕೊಳ್ಳಬಹುದಿತ್ತು ಎಂಬುದನ್ನು ಬುರುಜುಗಳಿಗಿಂತ ಇವು ಚೆನ್ನಾಗಿ ಹೇಳುತ್ತವೆ. ಬಾಗಿಲುಗಳು ನೇರವಾಗಿರದೆ ತಿರುವಿನಲ್ಲಿರುವುದು, ದಿಡ್ಡಿ (ಚಿಕ್ಕ) ಬಾಗಿಲು ಕಾಡಿನ ಕಡೆ ತೆರೆದಿರುವುದು, ಇವನ್ನೂ ಗಮನಿಸಿ.

ಶಿಲಾಸಮಾಧಿಗಳಿಗೆ ಹಿರೇಬೆಣಕಲ್‌ನಷ್ಟು ಒಳ್ಳೆಯ ಪಾಠಶಾಲೆ ಬೇರೆ ಸಿಗದು. ಗಂಗಾವತಿಯ ಹತ್ತಿರದ ಈ ಗುಡ್ಡದಲ್ಲಿ ಸುಮಾರು 400 ಬೃಹತ್ ಶಿಲಾ ರಚನೆಗಳಿವೆ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಅದು 2021ರಲ್ಲಿ ಸೇರಿತು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಕಲ್ಮನೆಗಳು, ಕೆಲವಕ್ಕೆ ಗುಂಡಗೆ ಕೊರೆದ ಕಿಂಡಿ. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೂ ಅಲ್ಲಿದೆ; ಬಡಿದು ನೋಡುವ ಆಸೆಯನ್ನು ಹತ್ತಿಕ್ಕಿಕೊಳ್ಳಿ, ಬಂದವರೆಲ್ಲ ಬಡಿದರೆ ಕಲ್ಲು ತಾಳುವುದಿಲ್ಲ. ನೆರಳು ಕಡಿಮೆ, ಕುಡಿಯುವ ನೀರು ಜೊತೆಗಿರಲಿ, ಬೆಳಿಗ್ಗೆ ಬೇಗ ಹತ್ತಿ.

ಎಂಟನೆಯ ಹಂತ: ದಾಖಲೆ, ಮತ್ತು ಯಾರಿಗೆ ಹೇಳಬೇಕು

ಒಂದು ಕಲ್ಲಿಗೆ ನಾಲ್ಕು ಫೋಟೊ: ಸುತ್ತಲಿನ ಜಾಗ ಕಾಣುವಂತೆ ಒಂದು, ಅಳತೆ ಪಟ್ಟಿ ಪಕ್ಕಕ್ಕಿಟ್ಟು ಪೂರ್ತಿ ಮುಂಭಾಗ ಒಂದು, ಹಿಂಭಾಗ ಒಂದು, ಅಕ್ಷರಗಳದು ಓರೆ ಬೆಳಕಿನಲ್ಲಿ ಒಂದು. ಪುಸ್ತಕದಲ್ಲಿ ಎತ್ತರ, ಅಗಲ, ದಪ್ಪ, ಮುಖದ ದಿಕ್ಕು, ಸಾಲುಗಳ ಸಂಖ್ಯೆ, ಸರ್ವೆ ನಂಬರು, ಊರಿನವರು ಕರೆಯುವ ಹೆಸರು. ಮನೆಗೆ ಬಂದು ಶಾಸನ ಸಂಪುಟದೊಂದಿಗೆ ಹೋಲಿಸಿ. ಅದರಲ್ಲಿ ಇಲ್ಲದಿದ್ದರೆ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಜ್ಯ ಪುರಾತತ್ವ ಇಲಾಖೆಗೆ ಫೋಟೊ ಸಮೇತ ಬರೆಯಿರಿ. ಬೆಂಗಳೂರು ಸುತ್ತಲಿನದಾದರೆ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವ ಮಿಥಿಕ್ ಸೊಸೈಟಿಗೂ ತಿಳಿಸಬಹುದು. ಗ್ರಾಮ ಪಂಚಾಯಿತಿಗೆ ತಿಳಿಸುವುದನ್ನು ಮರೆಯಬೇಡಿ. ರಸ್ತೆ ಅಗಲಿಸುವಾಗ ಕಲ್ಲನ್ನು ಉಳಿಸುವುದೂ ಉರುಳಿಸುವುದೂ ಬಹಳ ಸಲ ಅಲ್ಲೇ ತೀರ್ಮಾನವಾಗುತ್ತದೆ.

ನಿಖರ ಜಾಗವನ್ನು ಮಾತ್ರ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಕಾವಲಿಲ್ಲದ ಗುಡಿಯ ಗರ್ಭಗುಡಿಯಲ್ಲಿ ನಿಧಿಯಾಸೆಗೆ ತೋಡಿದ ಗುಂಡಿಗಳನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ತಾಲ್ಲೂಕಿನ ಹೆಸರು ಸಾಕು.

ಒಂದು ಮಡಕೆ ಚೂರನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ನೆಲದಲ್ಲಿ ನಾಣ್ಯವೋ ವಿಗ್ರಹವೋ ಕಂಡರೆ ಅಲ್ಲೇ ಬಿಟ್ಟು ತಹಶೀಲ್ದಾರರಿಗೆ ಅಥವಾ ಪೊಲೀಸರಿಗೆ ತಿಳಿಸಿ. ನಿಧಿಯ ವಿಷಯವನ್ನು ಮುಚ್ಚಿಡುವುದು ಕಾನೂನಿನ ಪ್ರಕಾರ ತಪ್ಪು. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ, ಅದರ 2010ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಗೋಡೆಯ ಮೇಲೆ ಹೆಸರು ಕೆತ್ತುವುದೂ ಹಾನಿಯೇ.

ಕೊನೆಯ ಹಂತ: ಮನೆಗೆ ಬಂದ ಮೇಲೆ

ಬಟ್ಟೆಗಳನ್ನು ಹೊರಗೇ ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿ. ಸೋಪು ಹಚ್ಚಿ ಸ್ನಾನ ಮಾಡುತ್ತ ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ಬೆರಳಿನಿಂದ ತಡವಿ ನೋಡಿ. ಮರಿ ಉಣ್ಣೆ ಎಳ್ಳಿಗಿಂತ ಚಿಕ್ಕದು, ಕಣ್ಣಿಗೆ ಬೀಳದೆ ಹೋಗಬಹುದು. ಇದ್ದರೆ ಚಿಮುಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ, ಹಿಸುಕಬೇಡಿ, ಸುಡಬೇಡಿ. ಮುಂದಿನ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ವೈದ್ಯರ ಬಳಿ ಹೋಗಿ, ಯಾವ ತಾಲ್ಲೂಕಿನ ಕಾಡಿಗೆ ಯಾವ ದಿನ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿ.